ವಿದ್ಯಾರ್ಥಿಗಳ ಕೈಯಲ್ಲಿ ಕಾನೂನಿನ ಪತ್ರಿಕೆ

(ಬಾನುಲಿ ಭಾಷಣ)

ವಿದ್ವತ್ಪತ್ರಿಕೆಗಳನ್ನು ನಡೆಸುವುದು ಹಿರಿಯರ ಕೆಲಸವೆಂಬುದು ನಮ್ಮೆಲ್ಲರ ಸಹಜ ಭಾವನೆ. ವೈದ್ಯಶಾಸ್ತ್ರದ ಪತ್ರಿಕೆಯನ್ನು ಹಿರಿಯ ವೈದ್ಯರು ನಡೆಸುತ್ತಾರೆ. ರಸಾಯನಶಾಸ್ತ್ರದ ಪತ್ರಿಕೆಗೆ ಬಂದ ಲೇಖನವನ್ನು ಆ ಶಾಸ್ತ್ರದಲ್ಲಿಯೇ ತಲೆ ನರೆತವರು ಓದಿ ಅಚ್ಚಿಗೆ ಅರ್ಹವೋ ಅಲ್ಲವೋ ಎಂಬುದನ್ನು ಹೇಳುತ್ತಾರೆ. ನಮ್ಮ ಸಾಹಿತ್ಯ ಸಂಶೋಧನೆಯ ಪತ್ರಿಕೆಗಳಲ್ಲಿಯೂ ಇದೇ ಪದ್ಧತಿ. ಶಿಷ್ಯನ ಬರಹವನ್ನು ಗುರು ತಿದ್ದುವುದು ಲೋಕರೂಢಿ. ಗುರುವಿನ ಬರಹವನ್ನು ಶಿಷ್ಯ ತಿದ್ದುವುದು, ತಿದ್ದುವುದಿರಲಿ, ಇದು ನಮ್ಮ ಪತ್ರಿಕೆಗೆ ಒಗ್ಗುವುದಿಲ್ಲವೆಂದು ಹಿಂದಕ್ಕೆ ಕಳುಹಿಸುವುದು ಎಲ್ಲಿಯಾದರೂ ಉಂಟೆ ಎಂದು ಯಾರಾದರೂ ಕೇಳಿದರೆ, ಉಂಟು ಎನ್ನಬೇಕಾಗುತ್ತದೆ. ಅಮೆರಿಕದ ಕಾನೂನು ಶಾಲೆಗಳಲ್ಲಿ ಇದು ನೂರಮೂವತ್ತು ವರ್ಷಗಳಿಗೂ ಮಿಕ್ಕಿ ನಡೆದುಬಂದಿರುವ ಸಂಪ್ರದಾಯ.

ಆ ದೇಶದಲ್ಲಿ ಕಾನೂನಿನ ಬಹುಪಾಲು ಗಣ್ಯ ಪತ್ರಿಕೆಗಳು ವಿದ್ಯಾರ್ಥಿಗಳ ಕೈಯಲ್ಲಿವೆ. ಪದವಿಯ ನಂತರದ ಮೂರು ವರ್ಷಗಳ ಕಾನೂನು ವ್ಯಾಸಂಗದಲ್ಲಿ ಎರಡನೆಯ ಮತ್ತು ಮೂರನೆಯ ವರ್ಷದಲ್ಲಿರುವವರು ಅವುಗಳ ಸಂಪಾದಕರು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯದವರು. ಪ್ರಾಧ್ಯಾಪಕರೂ ನ್ಯಾಯಾಧೀಶರೂ ಕಳುಹಿಸಿದ ಲೇಖನಗಳನ್ನು ಆರಿಸುವವರು, ಪ್ರತಿಯೊಂದು ಅಡಿಟಿಪ್ಪಣಿಯನ್ನೂ ಮೂಲದೊಡನೆ ಹೋಲಿಸಿ ನೋಡುವವರು, ವಾಕ್ಯ ತೊಡಕಾದರೆ ಬಿಡಿಸುವವರು ಇವರೇ. ಹೀಗಿರಲಾಗಿ, ಆ ಸಂಪಾದಕ ಮಂಡಳಿಯೊಳಕ್ಕೆ ಪ್ರವೇಶ ಪಡೆಯುವುದು ಹೇಗೆ ಎಂಬುದು ಸಣ್ಣ ಪ್ರಶ್ನೆಯಾಗಿ ಉಳಿಯಲಿಲ್ಲ. ಬಾಗಿಲು ಯಾರಿಗೆ ತೆರೆಯಬೇಕು, ಯಾವ ಗುಣವನ್ನು ನೋಡಿ ತೆರೆಯಬೇಕು, ತೆರೆಯುವ ಅಧಿಕಾರ ಯಾರದು ಎಂಬ ವಾದ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದಿದೆ. ಈ ಇತಿಹಾಸವನ್ನು ಕೊಂಚ ನಿಧಾನವಾಗಿ ನೋಡುವುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ಪ್ರಯೋಜನಕರವೆಂದು ನನ್ನ ಎಣಿಕೆ. ಏಕೆಂದರೆ ಈ ವಾದದ ನಡುವಿನಲ್ಲಿರುವುದು ಬರವಣಿಗೆ.

1870ರಲ್ಲಿ ಕ್ರಿಸ್ಟೊಫರ್ ಕೊಲಂಬಸ್ ಲ್ಯಾಂಗ್‌ಡೆಲ್ ಎಂಬವರು ಹಾರ್ವರ್ಡ್ ಕಾನೂನು ಶಾಲೆಯ ಮುಖ್ಯಸ್ಥರಾದರು. ಅದುವರೆಗೆ ಅಧ್ಯಾಪಕರು ಉಪನ್ಯಾಸ ಮಾಡುವುದು, ವಿದ್ಯಾರ್ಥಿಗಳು ಬರೆದುಕೊಂಡು ಉರುಹೊಡೆಯುವುದು ಎಂಬ ಕ್ರಮವಿತ್ತು. ಲ್ಯಾಂಗ್‌ಡೆಲ್ ಅದನ್ನು ಮುರಿದರು. ಕಾನೂನು ಇರುವುದು ಪಠ್ಯಪುಸ್ತಕದ ಸೂತ್ರಗಳಲ್ಲಲ್ಲ, ನ್ಯಾಯಾಲಯಗಳ ತೀರ್ಪುಗಳಲ್ಲಿ. ಆದ್ದರಿಂದ ತೀರ್ಪುಗಳನ್ನೇ ಓದಬೇಕು, ಅವುಗಳಿಂದ ತತ್ತ್ವವನ್ನು ವಿದ್ಯಾರ್ಥಿಯೇ ಹೊರತೆಗೆಯಬೇಕು ಎಂಬುದು ಅವರ ನಿಲುವು. 1871ರಲ್ಲಿ ಕರಾರುಗಳ ಕಾನೂನಿಗೆ ಸಂಬಂಧಪಟ್ಟ ತೀರ್ಪುಗಳ ಸಂಗ್ರಹವೊಂದನ್ನು ಅಚ್ಚುಮಾಡಿಸಿದರು. ತರಗತಿಯಲ್ಲಿ ಅವರು ಹೇಳುತ್ತಿದ್ದುದು ಕಡಿಮೆ, ಕೇಳುತ್ತಿದ್ದುದೇ ಹೆಚ್ಚು. ಈ ತೀರ್ಪು ಸರಿಯೆ? ಹಿಂದಿನ ತೀರ್ಪಿಗೂ ಇದಕ್ಕೂ ಹೊಂದಿಕೆಯಾಗುತ್ತದೆಯೆ? ಹೀಗೆ ಪ್ರಶ್ನೆಗಳಿಂದಲೇ ಪಾಠ ನಡೆಯುತ್ತಿತ್ತು. ಮೊದಮೊದಲು ವಿದ್ಯಾರ್ಥಿಗಳು ಬೇಸತ್ತು ದೂರ ಸರಿದರೆಂದೂ, ಉಳಿದ ಕೆಲವರು ಅವರ ಪರಮ ಭಕ್ತರಾದರೆಂದೂ ತಿಳಿದುಬರುತ್ತದೆ.

ವಿದ್ಯಾರ್ಥಿಯೇ ತೀರ್ಪನ್ನು ವಿಮರ್ಶಿಸಬೇಕೆಂಬ ಈ ಕ್ರಮದಿಂದ ವಿದ್ಯಾರ್ಥಿಯೇ ವಿಮರ್ಶೆಯನ್ನು ಅಚ್ಚುಹಾಕಿಸಬೇಕೆಂಬ ಆಸೆ ಹುಟ್ಟುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಆಲ್ಬನಿಯ ಕಾನೂನು ಶಾಲೆಯ ವಿದ್ಯಾರ್ಥಿಗಳು 1875ರಲ್ಲಿ ಒಂದು ಪತ್ರಿಕೆಯನ್ನು ತಂದರು. ಅದು ಒಂದು ವರ್ಷ ಬಾಳಿತು. ಕೊಲಂಬಿಯಾದ ವಿದ್ಯಾರ್ಥಿಗಳು 1885ರಲ್ಲಿ ‘ಕೊಲಂಬಿಯಾ ಜ್ಯೂರಿಸ್ಟ್’ ಎಂಬುದನ್ನು ಆರಂಭಿಸಿದರು. ಅದೂ ಎರಡು ವರ್ಷಗಳಲ್ಲಿ ನಿಂತಿತು. ನಮ್ಮ ನಾಡಿನ ಸಾಹಿತ್ಯಪತ್ರಿಕೆಗಳ ಆಯುಷ್ಯವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೊಲಂಬಿಯಾದ ಆ ಪತ್ರಿಕೆ ಹಾರ್ವರ್ಡಿನ ಹುಡುಗರ ಕಣ್ಣಿಗೆ ಬಿದ್ದಿತ್ತು. 1886-87ರಲ್ಲಿ ಕೆಲವರು ಕೂಡಿ ಆಲೋಚಿಸಿದರು. ಲ್ಯಾಂಗ್‌ಡೆಲ್ಲರ ಶಿಷ್ಯರೂ ಸಹೋದ್ಯೋಗಿಗಳೂ ಆಗಿದ್ದ ಜೇಮ್ಸ್ ಬಾರ್ ಏಮ್ಸ್ ಅವರ ಬಳಿ ಹೋಗಿ ಸಲಹೆ ಕೇಳಿದರು. ಏಮ್ಸ್ ಬೆನ್ನು ತಟ್ಟಿದ್ದು ಮಾತ್ರವಲ್ಲದೆ ಮೊದಲ ಸಂಚಿಕೆಯ ಮೊದಲ ಲೇಖನವನ್ನೂ ತಾವೇ ಬರೆದುಕೊಟ್ಟರು. 1887ರ ಏಪ್ರಿಲ್ 15ರಂದು ‘ಹಾರ್ವರ್ಡ್ ಲಾ ರಿವ್ಯೂ’ ಹೊರಬಂದಿತು.

ಆ ಮೊದಲ ಮಂಡಳಿಯಲ್ಲಿದ್ದವರ ಹೆಸರುಗಳನ್ನು ನೋಡಬೇಕು. ಮುಖ್ಯ ಸಂಪಾದಕ ಜಾನ್ ಜೇ ಮೆಕೆಲ್ವಿ. ಅವರ ಜೊತೆಗಿದ್ದ ಜಾನ್ ಹೆನ್ರಿ ವಿಗ್ಮೋರ್ ಮುಂದೆ ಸಾಕ್ಷ್ಯದ ಕಾನೂನನ್ನು ಕುರಿತು ಬರೆದ ಮಹಾಗ್ರಂಥವನ್ನು ನಮ್ಮ ದೇಶದ ನ್ಯಾಯಾಲಯಗಳೂ ಉದಾಹರಿಸುತ್ತ ಬಂದಿವೆ. ಸ್ಯಾಮ್ಯುಯೆಲ್ ವಿಲಿಸ್ಟನ್ ಕರಾರುಗಳ ಕಾನೂನಿಗೆ ಪ್ರಮಾಣಪುರುಷರಾದರು. ಜೋಸೆಫ್ ಬೀಲ್ ಪ್ರಾಧ್ಯಾಪಕರಾದರು, ಜೂಲಿಯನ್ ಮ್ಯಾಕ್ ನ್ಯಾಯಾಧೀಶರಾದರು. ಅಂದು ಅವರೆಲ್ಲರೂ ಚಂದಾದಾರರನ್ನು ಹುಡುಕುತ್ತಿದ್ದ ಹುಡುಗರು. ಹಣದ ಚಿಂತೆಯನ್ನು ಹಗುರ ಮಾಡಿದವರಲ್ಲಿ ಮುಖ್ಯರಾದವರು ಬಾಸ್ಟನ್ನಿನಲ್ಲಿ ವಕೀಲಿ ನಡೆಸುತ್ತಿದ್ದ ಹಳೆಯ ವಿದ್ಯಾರ್ಥಿ ಲೂಯಿ ಬ್ರಾಂಡೈಸ್. ಹಳೆಯ ವಿದ್ಯಾರ್ಥಿಗಳ ಸಂಘದ ಮೂಲಕ ಅವರು ಪತ್ರಿಕೆಗೆ ಬಲ ತಂದರು. ಈ ಸಹಾಯದ ಫಲ ಪತ್ರಿಕೆಗೆ ಬೇರೊಂದು ರೂಪದಲ್ಲಿ ಸಂದಿತು.

1890ರ ಡಿಸೆಂಬರ್ ಸಂಚಿಕೆ. ಪತ್ರಿಕೆಗೆ ಆಗ ನಾಲ್ಕನೆಯ ಸಂಪುಟ. ಅದರಲ್ಲಿ ಬ್ರಾಂಡೈಸರೂ ಅವರ ಗೆಳೆಯ ಸ್ಯಾಮ್ಯುಯೆಲ್ ವಾರನ್ನರೂ ಕೂಡಿ ಬರೆದ ‘ದಿ ರೈಟ್ ಟು ಪ್ರೈವಸಿ’ ಎಂಬ ಲೇಖನ ಅಚ್ಚಾಯಿತು. ಕ್ಷಣಮಾತ್ರದಲ್ಲಿ ಚಿತ್ರ ತೆಗೆಯುವ ಕ್ಯಾಮರಾ ಬಂದಿತ್ತು, ಮನೆಯೊಳಗಿನ ಮಾತನ್ನು ಬೀದಿಗೆ ತರುವ ಪತ್ರಿಕೆಗಳು ಹೆಚ್ಚಿದ್ದವು. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕೆಂಬುದು ಒಂದು ಹಕ್ಕೇ ಹೌದು, ನ್ಯಾಯಾಲಯ ಅದನ್ನು ರಕ್ಷಿಸಬೇಕು ಎಂದು ಆ ಲೇಖನ ವಾದಿಸಿತು. ವಾರನ್ನರ ಮಗಳ ಮದುವೆಯನ್ನು ಪತ್ರಿಕೆಗಳು ಬಣ್ಣಿಸಿದ್ದರಿಂದ ಸಿಟ್ಟುಗೊಂಡು ಬರೆದದ್ದೆಂಬ ಕಥೆಯನ್ನು ದೊಡ್ಡ ದೊಡ್ಡ ವಿದ್ವಾಂಸರೂ ಹೇಳಿದ್ದಾರೆ. ವಾರನ್ನರ ಮದುವೆಯೇ ನಡೆದದ್ದು 1883ರಲ್ಲಿ. 1890ರಲ್ಲಿ ಮಗಳಿಗೆ ಮದುವೆ ಮಾಡುವುದು ಹೇಗೆ ಸಾಧ್ಯವೆಂದು ಯಾರೂ ಲೆಕ್ಕ ಹಾಕಿ ನೋಡಲಿಲ್ಲ! ಕವಿಚರಿತ್ರೆಗಳಲ್ಲಿ ಇಂಥ ಕಥೆಗಳು ಸಾಕಷ್ಟಿರುವುದರಿಂದ ನಾವು ನಗುವ ಹಾಗಿಲ್ಲ.

ಈ ಲೇಖನಕ್ಕೂ ಕನ್ನಡನಾಡಿಗೂ ನಿಜವಾದ ಸಂಬಂಧವೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನಮ್ಮ ಸಂವಿಧಾನದಲ್ಲಿ ಖಾಸಗಿತನವೆಂಬ ಮೂಲಭೂತ ಹಕ್ಕು ಇದೆಯೇ ಇಲ್ಲವೇ ಎಂಬ ಪ್ರಶ್ನೆ ಅದರಿಂದ ಎದ್ದಿತು. 1954ರ ಮತ್ತು 1962ರ ಹಳೆಯ ತೀರ್ಪುಗಳು ಇಲ್ಲವೆಂಬ ಕಡೆಗೆ ವಾಲಿದ್ದವು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಇದೆ ಎಂದಿತು. ಆ ದೀರ್ಘವಾದ ತೀರ್ಪಿನಲ್ಲಿ ವಾರನ್ ಮತ್ತು ಬ್ರಾಂಡೈಸರ ಲೇಖನ ವಿಸ್ತಾರವಾಗಿ ಚರ್ಚೆಗೆ ಬಂದಿದೆ. ಪುಟ್ಟಸ್ವಾಮಿಯವರು 2024ರಲ್ಲಿ, ತೊಂಬತ್ತೆಂಟು ತುಂಬಿದ ವಯಸ್ಸಿನಲ್ಲಿ, ತೀರಿಕೊಂಡರು. ವಿದ್ಯಾರ್ಥಿಗಳು ಕರಡು ತಿದ್ದಿದ ಪುಟಗಳು ಅಷ್ಟು ದೂರ, ಅಷ್ಟು ಕಾಲ ನಡೆದುಬಂದವು. ಬರೆದವರು ಪ್ರಸಿದ್ಧರೇ ಆದರು. ತಿದ್ದಿದ ಹುಡುಗರ ಹೆಸರು ಯಾವ ತೀರ್ಪಿನಲ್ಲಿಯೂ ಬರುವುದಿಲ್ಲ.

ಹಾರ್ವರ್ಡಿನ ಮಾದರಿ ಬೇಗ ಹಬ್ಬಿತು. ಯೇಲ್ 1891ರಲ್ಲಿ, ಕೊಲಂಬಿಯಾ ಮತ್ತೆ 1901ರಲ್ಲಿ ತಮ್ಮ ಪತ್ರಿಕೆಗಳನ್ನು ಹೊರತಂದವು. ಪ್ರತಿಯೊಂದು ಶಾಲೆಗೂ ಒಂದು ಪತ್ರಿಕೆ ಬೇಕೆನ್ನಿಸಿತು. ಎಲ್ಲರೂ ಅದನ್ನು ಗೌರವದಿಂದಲೇ ಕಂಡರೆನ್ನುವಂತಿಲ್ಲ. ವಕೀಲರೊಬ್ಬರು ವಾದಿಸುವಾಗ ಇಂಥ ಪತ್ರಿಕೆಯೊಂದನ್ನು ಆಧಾರವಾಗಿ ತೋರಿಸಲು ನ್ಯಾಯಮೂರ್ತಿ ಹೋಮ್ಸ್ ಅದು ಹುಡುಗರ ಕೆಲಸವೆಂದು ತಳ್ಳಿಹಾಕಿದರೆಂಬ ಪ್ರಸಂಗವನ್ನು ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಹ್ಯೂಸ್ 1941ರಲ್ಲಿ ನೆನೆದಿದ್ದಾರೆ. ಯೇಲಿನ ಪ್ರಾಧ್ಯಾಪಕ ಫ್ರೆಡ್ ರೋಡೆಲ್ 1936ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಪತ್ರಿಕೆಗಳಿಗೆ ವಿದಾಯವನ್ನೇ ಹೇಳಿ, ಅವುಗಳ ಶೈಲಿಯೂ ಕೆಟ್ಟದ್ದು, ಒಳಗಿನ ಸರಕೂ ಕೆಟ್ಟದ್ದು ಎಂದು ಮುಖಕ್ಕೆ ಹೊಡೆದಂತೆ ನುಡಿದರು. ಆ ಮಾತನ್ನು ಅವರು ಅಚ್ಚುಮಾಡಿಸಿದ್ದು ಅಂಥದೇ ಒಂದು ವಿದ್ಯಾರ್ಥಿ ಪತ್ರಿಕೆಯಲ್ಲಿ. ಹುಡುಗರು ಅದನ್ನು ಅಡಿಟಿಪ್ಪಣಿಗಳ ಕಾಟವಿಲ್ಲದೆ ಪ್ರಕಟಿಸಿದರೆಂಬುದು ಅವರ ಹಿರಿಮೆಗೆ ಸಾಕ್ಷಿ.

ಅಡಿಟಿಪ್ಪಣಿಯ ಮಾತು ಬಂದದ್ದರಿಂದ ಒಂದು ವಿಷಯ. ಉಲ್ಲೇಖಗಳನ್ನು ಹೇಗೆ ಕೊಡಬೇಕು, ಎಲ್ಲಿ ಅಲ್ಪವಿರಾಮ, ಎಲ್ಲಿ ಸಂಕ್ಷೇಪ ಎಂಬುದನ್ನು ನಿಯಮಿಸುವ ‘ಬ್ಲೂಬುಕ್’ ಎಂಬ ಕೈಪಿಡಿ ಈ ಪತ್ರಿಕೆಗಳಿಂದಲೇ ಹುಟ್ಟಿತು. 1926ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿ ಅರ್ವಿನ್ ಗ್ರಿಸ್ವೊಲ್ಡ್ ಅದನ್ನು ಸಿದ್ಧಪಡಿಸಿದಾಗ 26 ಪುಟಗಳಿದ್ದವು. ಅದಕ್ಕೂ ಕೆಲವು ವರ್ಷ ಮುಂಚೆ ಯೇಲಿನಲ್ಲಿ ಇಂಥದೊಂದು ಕಿರುಹೊತ್ತಗೆ ಇತ್ತೆಂದು ಈಚಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಆವೃತ್ತಿಯಿಂದ ಆವೃತ್ತಿಗೆ ಉಬ್ಬುತ್ತ ಅದು ನೂರಾರು ಪುಟಗಳ ಗ್ರಂಥವಾಯಿತು. ಪ್ರವೇಶ ಬಯಸುವವರಿಗೆ ಇದು ಪಾಣಿನಿಯ ಸೂತ್ರಪಾಠವಿದ್ದಂತೆ. ತನ್ನ ಕಾಲದಲ್ಲಿ ಹಾರ್ವರ್ಡ್ ಪತ್ರಿಕೆಯ ಅಧ್ಯಕ್ಷನೇ ಆಗಿದ್ದ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಮುಂದೆ 1986ರಲ್ಲಿ ಇದಕ್ಕೂ ವಿದಾಯ ಹೇಳಿ ಬರೆದರು; ಪುಸ್ತಕವೇನೋ ಬೆಳೆಯುತ್ತಲೇ ಹೋಯಿತು.

ಇನ್ನು ಬಾಗಿಲಿನ ವಿಷಯ. ಆರಂಭದ ವರ್ಷಗಳಲ್ಲಿ ಇದ್ದ ಸಂಪಾದಕರೇ ಮುಂದಿನವರನ್ನು ಆರಿಸಿಕೊಳ್ಳುತ್ತಿದ್ದರು. ಕ್ರಮೇಣ ಹಾರ್ವರ್ಡಿನಲ್ಲಿ ಮೊದಲ ವರ್ಷದ ಪರೀಕ್ಷೆಯ ಅಂಕಗಳೇ ಅಳತೆಗೋಲಾದವು. ತರಗತಿಯ ಮೇಲಿನ ಸಾಲಿನಲ್ಲಿ ಬಂದವರಿಗೆ ಪತ್ರಿಕೆ ತಾನಾಗಿ ಕರೆ ಕಳುಹಿಸುತ್ತಿತ್ತು. ಸ್ನೇಹ ದಾಕ್ಷಿಣ್ಯಗಳಿಗೆ ಎಡೆಯಿಲ್ಲದ ಏರ್ಪಾಡೆಂದು ಅದಕ್ಕೆ ಹೊಗಳಿಕೆಯಿತ್ತು, ಹೊಗಳಿಕೆ ತಕ್ಕಮಟ್ಟಿಗೆ ನಿಜವೂ ಆಗಿತ್ತು. ವಿಯೆನ್ನಾದಲ್ಲಿ ಹುಟ್ಟಿ, 1894ರಲ್ಲಿ ಹನ್ನೆರಡು ವರ್ಷದ ಬಾಲಕನಾಗಿ, ಒಂದಕ್ಷರ ಇಂಗ್ಲಿಷು ಬಾರದೆ ನ್ಯೂಯಾರ್ಕಿನಲ್ಲಿ ಇಳಿದ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಹನ್ನೆರಡೇ ವರ್ಷಗಳಲ್ಲಿ ಹಾರ್ವರ್ಡಿನಿಂದ ಮೊದಲ ಸ್ಥಾನದಲ್ಲಿ ತೇರ್ಗಡೆಯಾಗಿ ಹೊರಬಂದಾಗ ಈ ಪತ್ರಿಕೆಯ ಸಂಪಾದಕರಲ್ಲೊಬ್ಬರಾಗಿದ್ದರು. ವಲಸೆ ಬಂದ ಯಹೂದಿ ಕುಟುಂಬದ ಹುಡುಗನಿಗೆ ಬಾಸ್ಟನ್ನಿನ ದೊಡ್ಡ ಮನೆತನಗಳ ಬಾಗಿಲು ತೆರೆಯುತ್ತಿರಲಿಲ್ಲ. ಅಂಕಪಟ್ಟಿ ಈ ಒಂದು ಬಾಗಿಲನ್ನು ತೆರೆಯಿತು. ಕವಿ ಆರ್ಚಿಬಾಲ್ಡ್ ಮೆಕ್ಲೀಷ್ ಕೂಡ ಇಲ್ಲಿ ಅಡಿಟಿಪ್ಪಣಿ ತಿದ್ದಿದವರೇ ಎಂಬುದು ನಮ್ಮ ಇಂಗ್ಲಿಷ್ ಅಧ್ಯಾಪಕರಿಗೆ ಕುತೂಹಲಕರವಾಗಬಹುದು.

ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅವರ ಕಥೆ ಇದಕ್ಕಿಂತ ಗಂಭೀರವಾದದ್ದು. ವಾಷಿಂಗ್ಟನ್ನಿನಲ್ಲಿ 1895ರಲ್ಲಿ ಹುಟ್ಟಿದ ಈ ಕರಿಯ ತರುಣ ಮೊದಲ ಮಹಾಯುದ್ಧದಲ್ಲಿ ಸೈನ್ಯಾಧಿಕಾರಿಯಾಗಿದ್ದರು. ತನ್ನ ದೇಶದ ಸೈನ್ಯದೊಳಗೇ ಕರಿಯರು ಅನುಭವಿಸಿದ ಅವಮಾನವನ್ನು ಕಣ್ಣಾರೆ ಕಂಡು, ಇನ್ನು ಕಾನೂನನ್ನೇ ಕಲಿಯಬೇಕೆಂದು ನಿರ್ಧರಿಸಿ 1919ರಲ್ಲಿ ಹಾರ್ವರ್ಡಿಗೆ ಬಂದರು. 1921ರಲ್ಲಿ ಅಂಕಗಳ ಬಲದಿಂದ ಪತ್ರಿಕೆಯ ಮಂಡಳಿಗೆ ಸೇರಿದ ಮೊದಲ ಕರಿಯ ವಿದ್ಯಾರ್ಥಿ ಅವರು. ಮಂಡಳಿಯಲ್ಲಿದ್ದವರಿಗೆ ಮೊದಲು ತಾನು ಬೇಡವಾಗಿದ್ದುದನ್ನೂ, ಅನಂತರ ಎಲ್ಲ ಸರಿಹೋದುದನ್ನೂ ಅವರು ತಂದೆತಾಯಿಗಳಿಗೆ ಬರೆದು ತಿಳಿಸಿದ್ದಾರೆ. ಮುಂದೆ ಹೊವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಹೊಣೆ ಹೊತ್ತು ಒಂದು ಪೀಳಿಗೆಯ ಕರಿಯ ವಕೀಲರನ್ನು ತಯಾರು ಮಾಡಿದರು. ಥರ್ಗುಡ್ ಮಾರ್ಷಲ್ ಅವರ ಶಿಷ್ಯ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ಬಂದ ತೀರ್ಪಿಗೆ ವಾದ ಹೂಡಿದವರು ಮಾರ್ಷಲ್. ಅದರ ಅಡಿಪಾಯ ಹಾಕಿದ ಹ್ಯೂಸ್ಟನ್ 1950ರಲ್ಲೇ ತೀರಿಕೊಂಡಿದ್ದರು. ಒಬ್ಬ ವ್ಯಕ್ತಿಗೆ ತೆರೆದ ಬಾಗಿಲಿನಿಂದ ಎಷ್ಟು ಜನ ನಡೆದುಹೋಗುತ್ತಾರೆಂಬುದನ್ನು ಯಾವ ಅಂಕಪಟ್ಟಿಯೂ ಲೆಕ್ಕ ಹಾಕಲಾರದು.

ಹೆಂಗಸರ ಪಾಡು ಬೇರೆ. ಕಾರ್ನೆಲ್ಲಿನಲ್ಲಿ ಮೇರಿ ಡಾನ್ಲನ್ 1920ರ ಹೊತ್ತಿಗೇ ಪತ್ರಿಕೆಯ ಮುಖ್ಯ ಸಂಪಾದಕಿಯಾಗಿದ್ದರೂ, ಹಾರ್ವರ್ಡಿನ ಕಾನೂನು ಶಾಲೆ ಹೆಂಗಸರನ್ನು ಒಳಗೆ ಬಿಟ್ಟದ್ದೇ 1950ರಲ್ಲಿ. ರೂತ್ ಬೇಡರ್ ಗಿನ್ಸ್‌ಬರ್ಗ್ 1956ರಲ್ಲಿ ಸೇರಿದಾಗ ಸುಮಾರು 500 ಮಂದಿಯ ತರಗತಿಯಲ್ಲಿ ಹೆಂಗಸರು 9 ಮಂದಿ. ಆಗ ಶಾಲೆಯ ಮುಖ್ಯಸ್ಥರು ‘ಬ್ಲೂಬುಕ್’ ರಚಿಸಿದ ಅದೇ ಗ್ರಿಸ್ವೊಲ್ಡ್. ಅವರು ಆ ಒಂಬತ್ತು ಮಂದಿಯನ್ನು ಔತಣಕ್ಕೆ ಕರೆದು, ಗಂಡಸರಿಗೆ ಸಲ್ಲಬಹುದಾಗಿದ್ದ ಸ್ಥಾನವನ್ನು ನೀವು ತೆಗೆದುಕೊಂಡದ್ದೇಕೆಂದು ಒಬ್ಬೊಬ್ಬರನ್ನೂ ಕೇಳಿದರು. ಗಿನ್ಸ್‌ಬರ್ಗರಿಗೆ ಮನೆಯಲ್ಲಿ ಎಳೆಯ ಮಗು. ಅದೇ ಶಾಲೆಯ ವಿದ್ಯಾರ್ಥಿಯಾಗಿದ್ದ ಪತಿಗೆ ಕ್ಯಾನ್ಸರು. ಅವರ ಪಾಠಗಳ ಟಿಪ್ಪಣಿಗಳನ್ನೂ ಕೂಡಿಸಿಡುವ ಕೆಲಸ ಇವರದು. ಇಷ್ಟರ ನಡುವೆ ಅಂಕಗಳಿಂದ ಪತ್ರಿಕೆಗೆ ಆಯ್ಕೆಯಾದರು. ಒಂದು ರಾತ್ರಿ ಪತ್ರಿಕೆಯ ಉಲ್ಲೇಖವೊಂದನ್ನು ತಾಳೆ ನೋಡಲು ಲಾಮಾಂಟ್ ಗ್ರಂಥಾಲಯದ ನಿಯತಕಾಲಿಕಗಳ ಕೋಣೆಗೆ ಹೋದರೆ, ಹೆಂಗಸರಿಗೆ ಪ್ರವೇಶವಿಲ್ಲವೆಂದು ಕಾವಲಿನವನು ತಡೆದ. ನಾನು ಇಲ್ಲೇ ನಿಲ್ಲುತ್ತೇನೆ, ನೀನೇ ತಂದುಕೊಡು ಎಂದರೂ ಆಗದು ಎಂದುಬಿಟ್ಟ.

ಅನಂತರ ಅವರು ಕೊಲಂಬಿಯಾಕ್ಕೆ ವರ್ಗವಾಗಿ ಹೋಗಿ ಅಲ್ಲಿನ ಪತ್ರಿಕೆಗೂ ಆಯ್ಕೆಯಾದರು. 1959ರಲ್ಲಿ ತರಗತಿಯ ಮೊದಲ ಸ್ಥಾನವನ್ನು ಹಂಚಿಕೊಂಡು ಪದವಿ ಪಡೆದರು. ಇಂಥ ಪತ್ರಿಕೆಯಲ್ಲಿ ದುಡಿದವರನ್ನು ಹಿರಿಯ ನ್ಯಾಯಮೂರ್ತಿಗಳು ಸಹಾಯಕರನ್ನಾಗಿ ಕರೆದುಕೊಳ್ಳುವುದು ಬಹುಕಾಲದ ವಾಡಿಕೆ. 1960ರಲ್ಲಿ ಆಕೆಯ ಹೆಸರನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರ ಮುಂದಿಟ್ಟರು. ಹೆಂಗಸನ್ನು ತೆಗೆದುಕೊಳ್ಳಲು ತಾನು ಸಿದ್ಧನಿಲ್ಲವೆಂದು ಅವರು ನಿರಾಕರಿಸಿದರು. ಆ ನ್ಯಾಯಮೂರ್ತಿ ಬೇರೆ ಯಾರೂ ಅಲ್ಲ, ಹನ್ನೆರಡನೆಯ ವಯಸ್ಸಿನಲ್ಲಿ ಇಂಗ್ಲಿಷು ಬಾರದೆ ಹಡಗಿನಿಂದಿಳಿದ ಫ್ರಾಂಕ್‌ಫರ್ಟರ್. ಗಿನ್ಸ್‌ಬರ್ಗ್ 1993ರಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿಯಾದರು.

1960ರ ದಶಕದ ಕೊನೆಯಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳೆಲ್ಲ ಕುದಿಯುತ್ತಿದ್ದವು. ವಿಯೆಟ್ನಾಂ ಯುದ್ಧ, ನಾಗರಿಕ ಹಕ್ಕುಗಳ ಚಳುವಳಿ, ಅಧಿಕಾರವನ್ನೆಲ್ಲ ಪ್ರಶ್ನಿಸುವ ತರುಣರು. ಪರೀಕ್ಷೆಯ ಅಂಕವೆಂಬ ಅಧಿಕಾರವೂ ಪ್ರಶ್ನೆಗೆ ಒಳಗಾಯಿತು. ಮೂರು ನಾಲ್ಕು ಗಂಟೆಗಳ ಪರೀಕ್ಷೆಯಲ್ಲಿ ಚುರುಕಾಗಿ ಬರೆದವನು ತಿಂಗಳುಗಟ್ಟಲೆ ಕೂತು ಲೇಖನ ತಿದ್ದುವ ಕೆಲಸಕ್ಕೆ ತಕ್ಕವನೆಂದು ಹೇಗೆ ಹೇಳುವುದು? ಪತ್ರಿಕೆಯ ಕೆಲಸ ಬರವಣಿಗೆಯಾದರೆ ಬರವಣಿಗೆಯನ್ನೇ ಏಕೆ ಪರೀಕ್ಷಿಸಬಾರದು? ಈ ಪ್ರಶ್ನೆಗಳಿಂದ ಹಾರ್ವರ್ಡಿನಲ್ಲಿ ಅಂಕಗಳ ಜೊತೆಗೆ ಬರವಣಿಗೆಯ ಸ್ಪರ್ಧೆಯೂ ಸೇರಿತು; ಉಳಿದ ಶಾಲೆಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಅದು ನೆಲೆಗೊಂಡಿತು. ಅಂಕದಿಂದ ಒಳಹೋಗುವುದು ಒಂದು ದಾರಿ, ಬರೆದು ಒಳಹೋಗುವುದು ಇನ್ನೊಂದು. ಈ ಎರಡನೆಯದಕ್ಕೆ ವಿದ್ಯಾರ್ಥಿಗಳ ಆಡುಮಾತಿನಲ್ಲಿ ‘ರೈಟ್ ಆನ್’ ಎಂಬ ಹೆಸರು ಬಿದ್ದಿತು.

ಸ್ಪರ್ಧೆಯ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಮೊದಲ ವರ್ಷದ ಪರೀಕ್ಷೆಗಳು ಮುಗಿದ ಬೆನ್ನಿಗೇ, ಉಳಿದವರು ಮನೆಗೆ ಹೊರಡುವ ಹೊತ್ತಿನಲ್ಲಿ, ಸ್ಪರ್ಧಿಗಳಿಗೆ ಒಂದು ಕಟ್ಟು ಕಾಗದ ದೊರೆಯುತ್ತದೆ. ಈಚಿನ ತೀರ್ಪೊಂದು, ಅದಕ್ಕೆ ಸಂಬಂಧಿಸಿದ ಹಳೆಯ ತೀರ್ಪುಗಳು, ಶಾಸನಗಳು, ಲೇಖನಗಳು ಅದರಲ್ಲಿರುತ್ತವೆ. ನೂರಾರು ಪುಟಗಳಾದರೂ ಆದೀತು. ಆ ಕಟ್ಟಿನಾಚೆ ಒಂದು ಹಾಳೆಯನ್ನೂ ನೋಡುವಂತಿಲ್ಲ, ಯಾರ ಸಲಹೆಯನ್ನೂ ಕೇಳುವಂತಿಲ್ಲ. ಗ್ರಂಥಾಲಯವನ್ನು ಜಾಲಾಡುವ ಸಾಮರ್ಥ್ಯಕ್ಕೆ ಇಲ್ಲಿ ಬೆಲೆಯಿಲ್ಲ. ಎಲ್ಲರ ಮುಂದೆಯೂ ಇರುವುದು ಅದೇ ಸಾಮಗ್ರಿ. ಅದನ್ನು ಓದಿ, ತೀರ್ಪು ಎಲ್ಲಿ ಸರಿ, ಎಲ್ಲಿ ತಪ್ಪು, ತನ್ನ ವಾದವೇನು ಎಂಬುದನ್ನು ಗೊತ್ತುಪಡಿಸಿದ ಪುಟಗಳೊಳಗೆ ಬರೆಯಬೇಕು. ಇದಕ್ಕೆ ಕೆಲವು ದಿನಗಳಿಂದ ಒಂದೆರಡು ವಾರಗಳವರೆಗೆ ಶಾಲೆಗೊಂದು ಗಡುವು. ಇದರ ಜೊತೆಗೆ ಬಹಳ ಕಡೆ ತಿದ್ದುವ ಪರೀಕ್ಷೆಯೂ ಉಂಟು. ಬೇಕೆಂದೇ ತಪ್ಪುಗಳನ್ನು ಹುದುಗಿಸಿಟ್ಟ ಒಂದು ಬರಹವನ್ನು ಕೊಡುತ್ತಾರೆ. ತಪ್ಪು ಪುಟಸಂಖ್ಯೆ, ಮೂಲದಲ್ಲಿಲ್ಲದ ಮಾತು, ಸಡಿಲವಾದ ತರ್ಕ, ಜಾರಿದ ವ್ಯಾಕರಣ ಎಲ್ಲವನ್ನೂ ಹೆಕ್ಕಿ ತೆಗೆಯಬೇಕು.

ಮೂಲವಿಲ್ಲದ ಮಾತನ್ನು ಬರೆಯುವುದಿಲ್ಲವೆಂದು ಪಣ ತೊಟ್ಟ ಮಲ್ಲಿನಾಥ ಸೂರಿಯ ಪರಂಪರೆಯವರಾದ ನಮಗೆ ಈ ಕೆಲಸದ ಗೌರವ ಬೇಗ ತಿಳಿಯುತ್ತದೆ. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕುಳಿತು ವಿಜ್ಞಾನೇಶ್ವರ ರಚಿಸಿದ ‘ಮಿತಾಕ್ಷರಾ’ ಯಾಜ್ಞವಲ್ಕ್ಯಸ್ಮೃತಿಯ ಮೇಲಿನ ವ್ಯಾಖ್ಯಾನವೇ ಅಲ್ಲವೆ? ಇನ್ನೊಬ್ಬರ ಮಾತನ್ನು ಎದುರಿಗಿಟ್ಟುಕೊಂಡು, ಅದಕ್ಕೆ ಅನ್ಯಾಯವಾಗದಂತೆ, ತನ್ನ ಮಾತನ್ನೂ ಬಿಟ್ಟುಕೊಡದಂತೆ ಬರೆಯುವುದು ಕಷ್ಟದ ವಿದ್ಯೆ. ಇಪ್ಪತ್ತಮೂರರ ವಯಸ್ಸಿನಲ್ಲಿ, ಪರೀಕ್ಷೆಯ ಆಯಾಸ ಆರುವ ಮೊದಲೇ, ಒಂದು ವಾರದಲ್ಲಿ ಅದನ್ನು ತೋರಿಸಬೇಕು.

ಮೌಲ್ಯಮಾಪನ ಮಾಡುವವರೂ ವಿದ್ಯಾರ್ಥಿಗಳೇ, ಅಂದರೆ ಹಿಂದಿನ ವರ್ಷ ಅದೇ ಬೆಂಕಿಯನ್ನು ಹಾದುಬಂದ ಸಂಪಾದಕರು. ಬರಹದ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಒಬ್ಬರಿಗಿಂತ ಹೆಚ್ಚು ಜನ ಓದಿ ಅಂಕ ಕೊಡುತ್ತಾರೆ. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಈ ಸಂಖ್ಯೆಯ ಮಹಿಮೆಯೂ ಗೊತ್ತು, ಅದರ ಮಿತಿಯೂ ಗೊತ್ತು. ನೋಂದಣಿ ಸಂಖ್ಯೆ ಹೆಸರನ್ನೂ ಜಾತಿಯನ್ನೂ ಮರೆಸುತ್ತದೆ. ಆದರೆ ವಾಕ್ಯದ ವರಸೆ ಓದಿದ ಶಾಲೆಯನ್ನು ಹೇಳಿಬಿಡುತ್ತದೆ. ಪುಸ್ತಕಗಳಿರುವ ಮನೆಯಲ್ಲಿ ಬೆಳೆದವನ ಗದ್ಯಕ್ಕೂ ಮನೆತನದಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತವನ ಗದ್ಯಕ್ಕೂ ಇರುವ ಅಂತರವನ್ನು ಯಾವ ಸಂಖ್ಯೆಯೂ ಮುಚ್ಚಲಾರದು. ಬೇಸಗೆಯ ಮೊದಲ ವಾರದಲ್ಲೇ ಸಂಬಳದ ಕೆಲಸಕ್ಕೆ ಹೋಗಬೇಕಾದವನಿಗೆ, ಮಗುವನ್ನು ಎತ್ತಿಕೊಂಡೇ ಓದುವವಳಿಗೆ ಆ ಏಳು ದಿನಗಳು ಎಲ್ಲಿಂದ ಬಂದಾವು? ಹಾಗೆಂದು ಅಂಕಪಟ್ಟಿಗಿಂತ ಇದು ಕೀಳೆಂದು ನಾನು ಹೇಳಲಾರೆ. ತರಗತಿಯಲ್ಲಿ ಬಾಯಿ ಬಿಡದ, ಪರೀಕ್ಷೆಯಲ್ಲಿ ತಡವರಿಸುವ, ಆದರೆ ಒಂದು ಪುಟವನ್ನು ಐದು ಬಾರಿ ತಿದ್ದಿ ಬರೆಯಬಲ್ಲ ವಿದ್ಯಾರ್ಥಿಗಳು ಎಲ್ಲ ಕಾಲೇಜುಗಳಲ್ಲಿಯೂ ಇರುತ್ತಾರೆ. ಅವರಿಗೆಂದೇ ಇರುವ ಪರೀಕ್ಷೆಗಳು ನಮ್ಮಲ್ಲಿ ಬಹಳ ಕಡಿಮೆ.

ಸ್ಪರ್ಧೆ ಬಂದರೂ ಮಂಡಳಿಗಳಲ್ಲಿ ಕರಿಯರ ಸಂಖ್ಯೆ ಬೆರಳೆಣಿಕೆಯನ್ನು ದಾಟಲಿಲ್ಲ. ಹೆಂಗಸರ ವಿಷಯದಲ್ಲಿ 1976ರಲ್ಲಿ ಸೂಸನ್ ಎಸ್ಟ್ರಿಚ್ ಹಾರ್ವರ್ಡ್ ಪತ್ರಿಕೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು. 1981ರಲ್ಲಿ ಆ ಪತ್ರಿಕೆಯ ಸಂಪಾದಕರು ಆಯ್ಕೆಯಲ್ಲಿ ಜನಾಂಗ ಮತ್ತು ಲಿಂಗಗಳನ್ನೂ ಗಮನಿಸಬೇಕೆಂದು ತೀರ್ಮಾನಿಸಿದಾಗ ಒಳಗೂ ಹೊರಗೂ ದೊಡ್ಡ ಕೋಲಾಹಲವೆದ್ದಿತು. ಪ್ರಾಧ್ಯಾಪಕರಲ್ಲಿ ಅನೇಕರು ವಿರೋಧಿಸಿದರು. ಕುರುಡುಗಣ್ಣಿನ ಆಯ್ಕೆಯೇ ನ್ಯಾಯವೆಂದು ಒಂದು ಪಕ್ಷ. ಕಣ್ಣು ಮುಚ್ಚಿದವನಿಗೆ ದಾರಿಯಲ್ಲಿ ಬಿದ್ದವನೂ ಕಾಣುವುದಿಲ್ಲವೆಂದು ಇನ್ನೊಂದು ಪಕ್ಷ. ಮೀಸಲಾತಿಯ ವಾದಗಳನ್ನು ಕೇಳಿ ಬೆಳೆದ ನಮಗೆ ಎರಡೂ ಕಡೆಯ ಮಾತುಗಳು ಪರಿಚಿತವೇ. ಆ ವಾದ ಅಲ್ಲಿ ಈಗಲೂ ತೀರಿಲ್ಲ.

ನಮ್ಮಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ ಹುಟ್ಟಿದಾಗ ವಿದ್ಯಾರ್ಥಿಗಳ ಉತ್ಸಾಹವೇನೂ ಕಡಿಮೆಯಿರಲಿಲ್ಲ. ಚುಕ್ಕಾಣಿ ಮಾತ್ರ ಎ. ಆರ್. ಕೃಷ್ಣಶಾಸ್ತ್ರಿಗಳಂಥ ಗುರುಗಳ ಕೈಯಲ್ಲಿತ್ತು. ಅದು ಕನ್ನಡದ ಭಾಗ್ಯವೂ ಹೌದು. ಕಾನೂನಿನ ಕ್ಷೇತ್ರದಲ್ಲಿ 1988ರಿಂದ ಪಾಠ ಆರಂಭಿಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಅಮೆರಿಕದ ಮಾದರಿ ಬೇರೂರಿತು. ಅಲ್ಲಿನ ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’ ವಿದ್ಯಾರ್ಥಿಗಳೇ ಸಂಪಾದಿಸುವ ಪತ್ರಿಕೆ. ನಾಗರಭಾವಿಯ ಹುಡುಗ ಹುಡುಗಿಯರು ನಾಡಿನ ಹಿರಿಯ ವಕೀಲರ ಲೇಖನಗಳಲ್ಲಿ ತಪ್ಪು ಹುಡುಕುತ್ತಾರೆಂಬುದು ನಮ್ಮ ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಾರ್ವರ್ಡ್ ಪತ್ರಿಕೆಯ ಕಚೇರಿ 1925ರಿಂದ ಗ್ಯಾನೆಟ್ ಹೌಸ್ ಎಂಬ ಬಿಳಿಯ ಮರದ ಮನೆಯಲ್ಲಿದೆ. 1838ರಲ್ಲಿ ಕಟ್ಟಿದ ಮನೆ. ಅಂಕಗಳನ್ನೂ ಬರವಣಿಗೆಯ ಸ್ಪರ್ಧೆಯನ್ನೂ ಕೂಡಿಸಿ ಆರಿಸುತ್ತಿದ್ದ ಕಾಲದಲ್ಲಿ, 1989ರಲ್ಲಿ, ಈ ಮನೆಯೊಳಗೆ ಬಂದವರಲ್ಲಿ ಬರಾಕ್ ಒಬಾಮ ಒಬ್ಬರು. 1990ರ ಫೆಬ್ರವರಿಯಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಅಲ್ಲಿಯ ಪದ್ಧತಿಯಂತೆ ಮತದಾರರು ದಿನವಿಡೀ ಒಳಗೆ ಕುಳಿತು ಚರ್ಚಿಸುತ್ತಿದ್ದರೆ ಉಮೇದುವಾರರು ಅವರಿಗಾಗಿ ಅಡುಗೆ ಮಾಡುತ್ತಿದ್ದರು. ಪತ್ರಿಕೆಯ ನೂರಮೂರನೆಯ ವರ್ಷದಲ್ಲಿ ಮೊದಲ ಬಾರಿಗೆ ಕರಿಯರೊಬ್ಬರು ಅಧ್ಯಕ್ಷರಾದರೆಂಬ ಸುದ್ದಿ ದೊಡ್ಡ ಪತ್ರಿಕೆಗಳಲ್ಲಿ ಬಂದು, ಅದನ್ನು ಓದಿದವರಿಂದ ಪುಸ್ತಕ ಬರೆಯಬೇಕೆಂಬ ಆಹ್ವಾನವೂ ಬಂದಿತು. ಆ ಪುಸ್ತಕ ತಂದೆಯ ನೆನಪಿನ ಆತ್ಮಕಥನವಾಗಿ 1995ರಲ್ಲಿ ಹೊರಬಂದಿತು.

ಆ ಪತ್ರಿಕೆಯಲ್ಲಿ ವಿದ್ಯಾರ್ಥಿಗಳು ಬರೆದ ಟಿಪ್ಪಣಿಗಳಿಗೆ ಸಹಿ ಹಾಕುವ ರೂಢಿಯಿಲ್ಲ. ಹೆಸರಿಲ್ಲದೆ ಸಂಖ್ಯೆಯಾಗಿ ಒಳಬಂದವರು ಹೆಸರಿಲ್ಲದೆಯೇ ಬರೆಯುತ್ತಾರೆ. 2008ರ ಚುನಾವಣೆಯ ವರ್ಷದಲ್ಲಿ ಪತ್ರಕರ್ತರು ಹಳೆಯ ಸಂಪುಟಗಳನ್ನು ಕೆದಕಿ, ಗರ್ಭದಲ್ಲಿದ್ದಾಗ ಆದ ಪೆಟ್ಟಿಗಾಗಿ ಮಗು ತಾಯಿಯ ಮೇಲೆ ದಾವೆ ಹೂಡಬಹುದೆ ಎಂಬ ಇಲಿನಾಯ್ ರಾಜ್ಯದ ಮೊಕದ್ದಮೆಯೊಂದನ್ನು ಕುರಿತ, 1990ರಲ್ಲಿ ಅಚ್ಚಾದ, ಕೆಲವೇ ಪುಟಗಳ ವಿಮರ್ಶೆ ಒಬಾಮರದೆಂದು ಗುರುತಿಸಿದರು. ಅಲ್ಲಿಯವರೆಗೆ ಹದಿನೆಂಟು ವರ್ಷ ಅದನ್ನು ಓದಿದವರಿಗೆ ಅದು ಯಾರ ಕೈಬರಹವೆಂದು ತಿಳಿದಿರಲಿಲ್ಲ.